ಬಸುರಿಯ ಮೂತ್ರದಲ್ಲಿ ಸಕ್ಕರೆ ಕಂಡರೆ: ಆ ಪ್ಲಸ್ ಗುರುತನ್ನು ಓದುವುದು ಹೇಗೆ, ಮುಂದೆ ಮಾಡುವುದೇನು

ಏಳು ತಿಂಗಳ ಬಸುರಿಯೊಬ್ಬಳು ಹದಿನೈದು ದಿನ ಅನ್ನ ಬಿಟ್ಟು ನಮ್ಮ ಲ್ಯಾಬಿಗೆ ಬಂದಿದ್ದಳು. ಹಿಂದಿನ ಸಲ ಬೇರೊಂದು ಕಡೆ ಮಾಡಿಸಿದ ರಿಪೋರ್ಟಿನಲ್ಲಿ ಮೂತ್ರದ ಸಕ್ಕರೆಯ ಮುಂದೆ ಎರಡು ಪ್ಲಸ್ ಇತ್ತು. ಕಾಗದ ಕೈಗಿಟ್ಟವರು ಒಂದು ಮಾತೂ ಆಡಿರಲಿಲ್ಲ. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಊರೇ ಸೇರಿ ‘ಶುಗರ್ ಬಂತು’ ಎಂದು ನಿರ್ಧರಿಸಿಬಿಟ್ಟಿತ್ತು. ಬೆಳಗಿನ ಗಂಜಿ ನಿಂತಿತು, ರಾತ್ರಿ ಊಟ ನಿಂತಿತು, ಮೆಂತ್ಯದ ನೀರು ಶುರುವಾಯಿತು. ನಾನು ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿಯಲ್ಲಿ ಸಕ್ಕರೆ ಇರಲಿಲ್ಲ. ಕೀಟೋನ್ ಇತ್ತು, ಅಂದರೆ ಮೈ ಹಸಿದು ಕೊಬ್ಬು ಕರಗಿಸುತ್ತಿದೆ ಎಂಬ ಗುರುತು. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಸರಿಯಾಗೇ ಇತ್ತು. ಅಲ್ಲಿಯವರೆಗೆ ಅವಳ ರಕ್ತದ ಸಕ್ಕರೆಯನ್ನು ಯಾರೂ ನೋಡಿರಲೇ ಇಲ್ಲ.

ಕರಾವಳಿಯಲ್ಲೂ ಘಟ್ಟದ ಮೇಲೂ ಸೇರಿ ಹದಿನೆಂಟು ವರ್ಷ ಲ್ಯಾಬ್ ಕೆಲಸ ಮಾಡಿದ್ದೇನೆ. ಅವಳ ಮುಖ ಇನ್ನೂ ಕಣ್ಣಮುಂದಿದೆ. ಅಂಥ ರಿಪೋರ್ಟ್ ಹಿಡಿದು ಕೂತವರಿಗೆ, ಅವರ ಜೊತೆ ಬರುವ ತಾಯಿ, ಅತ್ತೆ, ಗಂಡಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಮೂತ್ರದ ಪ್ಲಸ್ ಮುಖ್ಯವಾಗಿ ಹೇಳುವುದು ಕಿಡ್ನಿಯ ಸುದ್ದಿಯನ್ನು. ರಕ್ತದ ಸುದ್ದಿ ಬೇಕಾದರೆ ರಕ್ತವನ್ನೇ ಕೇಳಬೇಕು.

ಮೊದಲು: ಕಿಡ್ನಿಯೊಳಗೆ ಏನಾಗುತ್ತಿದೆ

ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರಿನ ಆಸುಪಾಸು ಮಾತ್ರ. ಸೋಸುವಾಗ ಕಿಡ್ನಿ ಬೇಕಾದ್ದು, ಬೇಡದ್ದು ಎಂದು ನೋಡುವುದಿಲ್ಲ. ಸಣ್ಣ ಕಣಗಳನ್ನೆಲ್ಲ ಒಮ್ಮೆ ಹೊರಕ್ಕೆ ಸುರಿದು, ಆಮೇಲೆ ಬೇಕಾದ್ದನ್ನು ಹೆಕ್ಕಿ ರಕ್ತಕ್ಕೆ ಮರಳಿಸುತ್ತದೆ. ತದಡಿ ಬಂದರಿನಲ್ಲಿ ಬೋಟಿನ ಮೀನು ಸುರಿದ ಮೇಲೆ ಹೆಂಗಸರು ಸಾಲಾಗಿ ಕೂತು ಬುಟ್ಟಿಗೆ ಆರಿಸುತ್ತಾರಲ್ಲ, ಹಾಗೆ.

ಸಕ್ಕರೆ ಹೆಕ್ಕುವ ಕೆಲಸ ನಡೆಯುವುದು ಕಿಡ್ನಿಯ ಸಣ್ಣ ನಾಳಗಳ ಮೊದಲ ಭಾಗದಲ್ಲಿ. ಅಲ್ಲಿ ಎಸ್‌ಜಿಎಲ್‌ಟಿ2 ಎಂಬ ಪ್ರೋಟೀನು ಹತ್ತರಲ್ಲಿ ಒಂಬತ್ತು ಪಾಲನ್ನು ಎತ್ತಿಕೊಳ್ಳುತ್ತದೆ. ಉಳಿದದ್ದನ್ನು ಸ್ವಲ್ಪ ಮುಂದೆ ಕೂತ ಎಸ್‌ಜಿಎಲ್‌ಟಿ1 ಎತ್ತುತ್ತದೆ. ರಕ್ತದಲ್ಲಿ 100 ಮಿ.ಲೀ.ಗೆ 90 ಮಿಲಿಗ್ರಾಂ ಸಕ್ಕರೆ ಇದ್ದರೆ ದಿನಕ್ಕೆ ಸುಮಾರು 160 ಗ್ರಾಂ ಸೋಸಿ ಹೊರಬೀಳುತ್ತದೆ, ಬಹುತೇಕ ಎಲ್ಲವೂ ವಾಪಸ್ಸಾಗುತ್ತದೆ. ರಕ್ತದ ಸಕ್ಕರೆ 180 ದಾಟಿದರೆ ಮಾತ್ರ ಹೆಕ್ಕುವ ಕೈಗಳು ಸೋತು, ಸಕ್ಕರೆ ಮೂತ್ರಕ್ಕೆ ಜಾರುತ್ತದೆ. ಬಸುರಿ ಅಲ್ಲದವರ ಲೆಕ್ಕ ಇದು.

ಗರ್ಭ ನಿಂತ ಕೆಲವೇ ವಾರಗಳಲ್ಲಿ ಈ ಲೆಕ್ಕ ಬದಲಾಗುತ್ತದೆ. ಕಿಡ್ನಿಗೆ ಹರಿಯುವ ರಕ್ತ ಏರುತ್ತದೆ, ಕಿಡ್ನಿಯೇ ಒಂದು, ಒಂದೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಮೂರು ನಾಲ್ಕನೇ ತಿಂಗಳ ಹೊತ್ತಿಗೆ ಸೋಸುವ ಪ್ರಮಾಣ ಸುಮಾರು ಶೇ. 50ರಷ್ಟು ಹೆಚ್ಚಿರುತ್ತದೆ. 180 ಲೀಟರ್ ಇದ್ದದ್ದು 270ರ ಹತ್ತಿರ. ರಕ್ತದ ಸಕ್ಕರೆ ಅದೇ 90 ಇದ್ದರೂ ದಿನಕ್ಕೆ 240 ಗ್ರಾಂನಷ್ಟು ಸಕ್ಕರೆ ಸೋಸಿಹೋಗುತ್ತದೆ. ಹೆಕ್ಕುವ ಕೈಗಳು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಕೆಲವರಲ್ಲಿ ಅವುಗಳ ಚುರುಕೂ ಸ್ವಲ್ಪ ಕಡಿಮೆಯಾಗುತ್ತದೆ.

ಒಂದು ಸಣ್ಣ ಗುಣಾಕಾರ ಮಾಡಿ. 240 ಗ್ರಾಂನಲ್ಲಿ ನೂರಕ್ಕೆ 99 ಪಾಲು ವಾಪಸ್ ಬಂತು, ಒಂದೇ ಪಾಲು ಜಾರಿತು ಎಂದುಕೊಳ್ಳಿ. ಜಾರಿದ್ದು 2.4 ಗ್ರಾಂ. ಅದು ಒಂದೂವರೆ ಲೀಟರ್ ಮೂತ್ರದಲ್ಲಿ ಹರಡಿದರೆ 100 ಮಿ.ಲೀ.ಗೆ 160 ಮಿಲಿಗ್ರಾಂ. ನಾವು ಅದ್ದುವ ಪಟ್ಟಿ 100 ಮಿಲಿಗ್ರಾಂ ಸುಮಾರಿಗೇ ಬಣ್ಣ ತಿರುಗಲು ಶುರುಮಾಡುತ್ತದೆ. ರಕ್ತ ನೆಟ್ಟಗಿದ್ದೂ ಪಟ್ಟಿ ಬಣ್ಣ ತೋರಿಸುವುದು ಹೀಗೆ. ಇದು ರೋಗವಲ್ಲ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ನಿಲ್ಲುತ್ತದೆ. ಇದು ದಿನದಿಂದ ದಿನಕ್ಕೆ, ಒಂದೇ ದಿನದಲ್ಲಿ ಹೊತ್ತಿನಿಂದ ಹೊತ್ತಿಗೂ ಏರಿಳಿಯುತ್ತದೆ. ಬೆಳಿಗ್ಗೆ ಎರಡು ಪ್ಲಸ್ ಇದ್ದದ್ದು ಮಧ್ಯಾಹ್ನ ಇಲ್ಲದಿರಬಹುದು.

ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. ನನಗೆ ಹೆಚ್ಚು ಭಯ ಹುಟ್ಟಿಸುವುದೂ ಅದೇ. ಗರ್ಭಿಣಿಯರ ಮಧುಮೇಹ ಎಂದು ನಮ್ಮ ದೇಶದಲ್ಲಿ ಕರೆಯುವುದು, ಗ್ಲುಕೋಸ್ ಕುಡಿದು ಎರಡು ತಾಸಿನ ನಂತರ ರಕ್ತದ ಸಕ್ಕರೆ 140 ಅಥವಾ ಮೇಲಿದ್ದರೆ. ಕಿಡ್ನಿ ಗಟ್ಟಿಯಾಗಿ ಹೆಕ್ಕುವ ಹೆಂಗಸಿಗೆ 155 ಇದ್ದರೂ ಮೂತ್ರದಲ್ಲಿ ಒಂದು ಹನಿ ಸಕ್ಕರೆ ಕಾಣಿಸದಿರಬಹುದು. ‘ಯೂರಿನ್ನಲ್ಲಿ ಎಂತದೂ ಇಲ್ಲ’ ಎಂದು ರಕ್ತ ಪರೀಕ್ಷೆ ಬಿಟ್ಟವರನ್ನು ಕಂಡಿದ್ದೇನೆ. ಪ್ಲಸ್ ಬಂದವರಿಗೂ ಬಾರದವರಿಗೂ ರಕ್ತ ಪರೀಕ್ಷೆ ಒಂದೇ ಸಮ ಬೇಕು.

ಸ್ಯಾಂಪಲ್ ಸರಿಯಿತ್ತೇ, ನೋಡಿಕೊಳ್ಳಿ

ಗಾಬರಿ ಬೀಳುವ ಮೊದಲು ಬಾಟಲಿಯ ಕತೆ ಕೇಳಿ. ಶಿರಸಿ ಸಿದ್ದಾಪುರ ಕಡೆಯಿಂದ ಬರುವವರು ಮನೆಯಲ್ಲಿದ್ದ ಯಾವುದೋ ಸಣ್ಣ ಬಾಟಲಿ ತೊಳೆದು ತರುತ್ತಾರೆ. ಅದರಲ್ಲಿ ಮೊದಲು ಜೇನುತುಪ್ಪ ಇದ್ದಿರಬಹುದು, ಜೋನಿಬೆಲ್ಲ ಇದ್ದಿರಬಹುದು, ಕೆಮ್ಮಿನ ಸಿರಪ್ ಇದ್ದಿರಬಹುದು. ಅದರ ಅಂಟೇ ಸಾಕು ಪಟ್ಟಿಗೆ ಬಣ್ಣ ಬರಲು. ಬ್ಲೀಚಿಂಗ್ ಪುಡಿಯಲ್ಲಿ ತೊಳೆದ ಬಾಟಲಿಯೂ ಸುಳ್ಳು ಪ್ಲಸ್ ಕೊಡುತ್ತದೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಹಾಕಿ, ಅದೇ ಕೈಯಲ್ಲಿ ಪಾತ್ರೆ ಬಾಟಲಿ ತೊಳೆಯುವ ರೂಢಿ ನಮ್ಮ ಕಡೆ ಇದೆ. ಲ್ಯಾಬಿನವರು ಕೊಡುವ ಹೊಸ ಡಬ್ಬಿಯಲ್ಲೇ, ಅಲ್ಲೇ ಹೋಗಿ ಕೊಡಿ. ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಿರಿ.

ಮನೆಯಿಂದ ತಂದು, ಬಸ್ಸಿನಲ್ಲಿ ಎರಡು ಮೂರು ತಾಸು ಏಪ್ರಿಲ್ ಸೆಕೆಯಲ್ಲಿ ಕುದ್ದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದು ಸಕ್ಕರೆಯನ್ನು ತಿಂದುಬಿಡುತ್ತವೆ. ಆಗ ಇರುವ ಸಕ್ಕರೆಯೂ ಇಲ್ಲವೆಂದು ಬರುತ್ತದೆ. ಕಬ್ಬಿಣದ ಮಾತ್ರೆಯ ಜೊತೆ ವಿಟಮಿನ್ ಸಿ ಮಾತ್ರೆ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರೂ ಪಟ್ಟಿಯ ಬಣ್ಣ ಮಂಕಾಗಬಹುದು, ಹಾಗಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ. ಮನೆಯಲ್ಲಿ ಪಟ್ಟಿ ತಂದಿಟ್ಟುಕೊಂಡವರಿಗೆ ಇನ್ನೊಂದು ಮಾತು: ಕಾರವಾರ, ಅಂಕೋಲೆಯ ಜೂನ್ ಜುಲೈ ತಿಂಗಳ ತೇವಕ್ಕೆ ಡಬ್ಬಿಯ ಮುಚ್ಚಳ ಅರ್ಧ ದಿನ ಸಡಿಲ ಇದ್ದರೂ ಪಟ್ಟಿ ಹಾಳಾಗುತ್ತದೆ. ಡಬ್ಬಿಯೊಳಗಿನ ತೇವ ಹೀರುವ ಪುಡಿಯ ಪೊಟ್ಟಣವನ್ನು ಬಿಸಾಡಬೇಡಿ. ಪಟ್ಟಿಯನ್ನು ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡಿಗೆ ಓದಿ. ಹೊತ್ತು ಮೀರಿ ಕಪ್ಪಾದ ಬಣ್ಣಕ್ಕೆ ಅರ್ಥವಿಲ್ಲ.

ಕೆಲವು ಕಡೆ ಇನ್ನೂ ಬೆನೆಡಿಕ್ಟ್ ದ್ರಾವಣ ಕಾಯಿಸಿ ನೋಡುತ್ತಾರೆ: ನೀಲಿಯಿದ್ದದ್ದು ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪಾಗುವ ಪರೀಕ್ಷೆ. ಅದು ಗ್ಲುಕೋಸನ್ನಷ್ಟೇ ಹಿಡಿಯುವುದಿಲ್ಲ. ದಿನ ತುಂಬಿದವರಲ್ಲಿ, ಹಾಲೂಡಿಸುವವರಲ್ಲಿ ಎದೆಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮೂತ್ರಕ್ಕೆ ಬಂದರೂ ಬಣ್ಣ ತಿರುಗುತ್ತದೆ. ಬೆನೆಡಿಕ್ಟಿನಲ್ಲಿ ಹಸಿರು, ಪಟ್ಟಿಯಲ್ಲಿ ಏನೂ ಇಲ್ಲ ಎಂದಾದರೆ ಹೆಚ್ಚಾಗಿ ಕಾರಣ ಅದೇ.

ಎಷ್ಟು ಪ್ಲಸ್, ಯಾವ ತಿಂಗಳಲ್ಲಿ

ಪ್ಲಸ್ ಬಂದ ತಾರೀಕು, ಗರ್ಭದ ವಾರ, ಊಟವಾಗಿ ಎಷ್ಟು ಹೊತ್ತಾಗಿತ್ತು ಎಂಬ ಮೂರನ್ನೂ ತಾಯಿ ಕಾರ್ಡಿನಲ್ಲಿ ಪೆನ್ಸಿಲಿನಿಂದಾದರೂ ಬರೆದಿಡಿ. ಮುಂದಿನ ತಪಾಸಣೆಯಲ್ಲಿ ಡಾಕ್ಟರು ಮೊದಲು ಕೇಳುವುದು ಇದನ್ನೇ. ವೈದ್ಯರಿಗೆ ದಾರಿ ಹೇಳುವ ಬ್ರಿಟನ್ನಿನ ಸಂಸ್ಥೆ ನೈಸ್‌ನ ಮಾರ್ಗಸೂಚಿಯ ಅಳತೆ ಸರಳವಾಗಿದೆ: ಒಮ್ಮೆ ಎರಡು ಪ್ಲಸ್ ಅಥವಾ ಮೇಲೆ ಬಂದರೆ, ಇಲ್ಲವೇ ಒಂದು ಪ್ಲಸ್ ಎರಡು ಸಲ ಬಂದರೆ, ಗರ್ಭಿಣಿಯರ ಮಧುಮೇಹಕ್ಕೆ ರಕ್ತ ಪರೀಕ್ಷೆಯನ್ನು ಯೋಚಿಸಿ ಎನ್ನುತ್ತದೆ ಅದು. ನಮ್ಮಲ್ಲಿ ಎಲ್ಲ ಗರ್ಭಿಣಿಯರಿಗೂ ಹೇಗೂ ರಕ್ತ ಪರೀಕ್ಷೆ ಮಾಡಬೇಕೆಂದಿದೆ, ಹಾಗಾಗಿ ಪ್ಲಸ್ ಬಂದರೆ ಅದನ್ನು ಮುಂದೂಡದಿರುವುದು ಮುಖ್ಯ.

ಎರಡನೇ ಮೂರನೇ ತಿಂಗಳಲ್ಲೇ ಮೂರು ನಾಲ್ಕು ಪ್ಲಸ್ ಬಂದು, ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿತ ಇದ್ದರೆ ಅದನ್ನು ಬಸುರಿನ ಸಹಜ ಸೋರಿಕೆ ಎಂದುಕೊಳ್ಳಬಾರದು. ಗರ್ಭಕ್ಕೂ ಮೊದಲೇ ಇದ್ದ ಮಧುಮೇಹ ಈಗ ಬೆಳಕಿಗೆ ಬಂದಿರಬಹುದು. ಅಂಥವರು ಅಂದೇ ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಮೇಲಿದ್ದರೆ ಗುಮಾನಿ ಉಳಿಯುವುದಿಲ್ಲ. ಮೊದಲೇ ಮಧುಮೇಹವಿದ್ದು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತಿದ್ದವರು ಗರ್ಭ ನಿಂತಿದೆ ಎಂದು ತಿಳಿದ ದಿನವೇ ಡಾಕ್ಟರಿಗೆ ತಿಳಿಸಬೇಕು. ಮೇಲೆ ಹೇಳಿದ ಎಸ್‌ಜಿಎಲ್‌ಟಿ2 ಪ್ರೋಟೀನಿನ ಕೈ ಕಟ್ಟಿ ಸಕ್ಕರೆಯನ್ನು ಮೂತ್ರಕ್ಕೆ ಬಿಡುವ ಔಷಧಗಳು ಅವು, ಬಸುರಿಯರಿಗೆ ಕೊಡುವುದಿಲ್ಲ.

ಗ್ಲುಕೋಸ್ ಪರೀಕ್ಷೆಯ ದಿನ

ನಮ್ಮ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಪ್ರತಿ ಗರ್ಭಿಣಿಗೂ ಈ ಪರೀಕ್ಷೆ ಎರಡು ಸಲ: ಮೊದಲ ತಪಾಸಣೆಗೆ ಬಂದಾಗ ಒಮ್ಮೆ, ಅದು ಸರಿಯಿದ್ದರೆ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ಎರಡರ ನಡುವೆ ಕನಿಷ್ಠ 4 ವಾರ ಇರಬೇಕು. ಎರಡನೆಯದು ಯಾಕೆಂದರೆ, ಐದಾರು ತಿಂಗಳಾದ ಮೇಲೆ ಮಾಸು ಸುರಿಸುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಆರನೇ ವಾರದಲ್ಲಿ ಸರಿಯಿದ್ದವಳಿಗೆ ಇಪ್ಪತ್ತಾರನೇ ವಾರದಲ್ಲಿ ಏರಬಹುದು. ‘ಒಮ್ಮೆ ಮಾಡಿಸಿದ್ದೆನಲ್ಲ’ ಎಂದು ಎರಡನೆಯದನ್ನು ಬಿಡುವವರೇ ಬಹಳ.

ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಊಟ ಮಾಡಿದ್ದರೂ ನಡೆಯುತ್ತದೆ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತವರ ಜೊತೆಗಾರರು ಈ ವಿಧಾನವನ್ನು ಪ್ರತಿಪಾದಿಸಿದ್ದಕ್ಕೆ ದೊಡ್ಡ ಕಾರಣವೇ ಇದು: ದೂರದ ಹಳ್ಳಿಯಿಂದ ಬರುವ ಬಸುರಿ ಹಸಿದು ಬರಲಾರಳು, ಇನ್ನೊಂದು ದಿನ ಬಾ ಎಂದರೆ ಬರುವುದೂ ಇಲ್ಲ. ಜೊಯಿಡಾದ ಕಾಡೊಳಗಿನ ಮನೆಯಿಂದ ನಸುಕಿನಲ್ಲಿ ಹೊರಟು ಬರುವವರನ್ನು ನೋಡಿದ ನನಗೆ ಇದರ ಬೆಲೆ ಗೊತ್ತು. ಕೆಲವು ಆಸ್ಪತ್ರೆಗಳು ಖಾಲಿ ಹೊಟ್ಟೆಯ ಬೇರೆ ವಿಧಾನ ಅನುಸರಿಸುತ್ತವೆ, ಅಲ್ಲಿ ಮೂರು ಗಡಿಗಳು: ಖಾಲಿ ಹೊಟ್ಟೆಗೆ 92, ಗ್ಲುಕೋಸ್ ಕುಡಿದು ಒಂದು ತಾಸಿಗೆ 180, ಎರಡು ತಾಸಿಗೆ 153. ಹಿಂದಿನ ದಿನವೇ ಕೇಳಿಕೊಂಡು ಹೋಗಿ.

ಒಬ್ಬರನ್ನು ಜೊತೆಗೆ ಕರೆದುಕೊಂಡು, ಮೂರು ತಾಸು ಬಿಡುವು ಇಟ್ಟುಕೊಂಡು ಹೋಗಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಬಂದವರಾದರೆ ಇಳಿದ ಕೂಡಲೇ ಗ್ಲುಕೋಸ್ ಕುಡಿಯಬೇಡಿ. ಅರ್ಧ ತಾಸು ಕೂತು, ತಲೆ ತಿರುಗುವುದು ನಿಂತ ಮೇಲೆ ಹೇಳಿ. 75 ಗ್ರಾಂ ಗ್ಲುಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ ಕೊಡುತ್ತಾರೆ, ಐದರಿಂದ ಹತ್ತು ನಿಮಿಷದೊಳಗೆ ಮುಗಿಸಬೇಕು. ಮನೆಯ ಸಕ್ಕರೆ, ಬೆಲ್ಲದ ಪಾನಕ ಇದಕ್ಕೆ ಬದಲಿಯಲ್ಲ. ಒಂದೇ ಗುಟುಕಿಗೆ ಸುರಿದುಕೊಳ್ಳಬೇಡಿ, ನಿಧಾನ ಕುಡಿದರೆ ಹೊಟ್ಟೆ ತಾಳುತ್ತದೆ. ನಾಲ್ಕು ಹನಿ ನಿಂಬೆರಸ ಹಿಂಡಿಕೊಳ್ಳಬಹುದೇ ಎಂದು ಕೇಳಿ ನೋಡಿ. ಕುಡಿದ ಅರ್ಧ ತಾಸಿನೊಳಗೆ ವಾಂತಿಯಾದರೆ ಪರೀಕ್ಷೆ ಆ ದಿನಕ್ಕೆ ಮುಗಿಯಿತು, ಮರುದಿನ ಮತ್ತೆ ಮಾಡಬೇಕು. ಅರ್ಧ ತಾಸು ದಾಟಿದ ಮೇಲೆ ಆದರೆ ಮುಂದುವರಿಸಬಹುದು. ವಾಂತಿಯಾದದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿ, ತಪ್ಪು ಅಂಕಿಗೆ ಅದೇ ದಾರಿ.

ಎರಡು ತಾಸು ಏನೂ ತಿನ್ನದೆ, ತಿರುಗಾಡದೆ ಕೂತಿರಿ. ಗಡಿಯಾರ ನೋಡಿಕೊಳ್ಳಲು ಜೊತೆಯವರಿಗೆ ಹೇಳಿ. ಲ್ಯಾಬಿನಲ್ಲಿ ಗದ್ದಲವಿದ್ದು ರಕ್ತ ತೆಗೆಯುವುದು ಎರಡೂಕಾಲು, ಎರಡೂವರೆ ತಾಸಾದರೆ ಅಂಕಿ ಇಳಿದಿರುತ್ತದೆ. ಇದನ್ನು ಒಳಗಿನವಳಾಗಿ ಹೇಳುತ್ತಿದ್ದೇನೆ: ನೀವೇ ಎದ್ದು ಬಂದು ‘ಹೊತ್ತಾಯ್ತು’ ಎನ್ನಿ, ಯಾರೂ ಬೇಜಾರು ಮಾಡಿಕೊಳ್ಳಬಾರದು. ತೆಗೆದ ರಕ್ತ ಬೂದು ಮುಚ್ಚಳದ ನಳಿಕೆಗೆ ಹೋಗಬೇಕು. ಬೇರೆ ನಳಿಕೆಯಲ್ಲಿ ಹಾಗೇ ಇಟ್ಟರೆ ರಕ್ತಕಣಗಳೇ ತಾಸಿಗೆ ಶೇ. 5ರಿಂದ 7ರಷ್ಟು ಸಕ್ಕರೆ ತಿನ್ನುತ್ತವೆ, ನಮ್ಮ ಸೆಕೆಗೆ ಇನ್ನೂ ಬೇಗ. ಹಳ್ಳಿಯಲ್ಲಿ ತೆಗೆದು ಪೇಟೆಗೆ ಕಳಿಸುವ ಸ್ಯಾಂಪಲ್ಲಿನಲ್ಲಿ 143 ಇದ್ದದ್ದು 130 ಎಂದು ಬಂದರೆ ಒಬ್ಬ ತಾಯಿ ಲೆಕ್ಕದಿಂದ ತಪ್ಪಿಹೋಗುತ್ತಾಳೆ. ಸರಿಯಾಗಿ ಹೊಂದಿಸಿದ ಗ್ಲುಕೋಮೀಟರಿನಲ್ಲಿ ಅಲ್ಲೇ ನೋಡಲು ಮಾರ್ಗಸೂಚಿ ಒಪ್ಪುವುದು ಅದಕ್ಕೇ.

ಅದೇ ದಿನ ಮೂತ್ರದಲ್ಲಿ ಪ್ಲಸ್ ಬಂದರೆ ಲೆಕ್ಕಕ್ಕೆ ಹಿಡಿಯಬೇಡಿ. 75 ಗ್ರಾಂ ಗ್ಲುಕೋಸ್ ಕುಡಿದವರ ಕಿಡ್ನಿ ಸ್ವಲ್ಪ ಬಿಟ್ಟೇ ಬಿಡುತ್ತದೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಒಂದನ್ನೇ ಮಾಡಿಸಿ ಸುಮ್ಮನಾಗುವುದೂ ಸಲ್ಲ. ಬಸುರಿನಲ್ಲಿ ಕೆಂಪು ರಕ್ತಕಣಗಳು ಬೇಗ ಬೇಗ ಹೊಸತಾಗುವುದರಿಂದ ಅದರ ಅಂಕಿ ಕಡಿಮೆ ತೋರುತ್ತದೆ, ರಕ್ತಹೀನತೆಯೂ ಅದನ್ನು ಏರುಪೇರು ಮಾಡುತ್ತದೆ.

ಅಂಕಿ ಬಂದ ಮೇಲೆ

140ರ ಕೆಳಗಿದ್ದರೆ ಮೂತ್ರದ ಪ್ಲಸ್ ಕಿಡ್ನಿಯದ್ದೇ. ಮೊದಲಿನಂತೆ ಊಟ ಮಾಡಿ, ಮುಂದಿನ ಪರೀಕ್ಷೆಯ ವಾರ ಗುರುತು ಹಾಕಿಕೊಳ್ಳಿ. 140 ಅಥವಾ ಮೇಲಿದ್ದರೆ ಎರಡು ವಾರ ಊಟದ ಕ್ರಮ ಮತ್ತು ನಡಿಗೆ, ಆಮೇಲೆ ಊಟವಾಗಿ ಎರಡು ತಾಸಿನ ಸಕ್ಕರೆ ನೋಡುತ್ತಾರೆ. 120ರ ಕೆಳಗೆ ಬಂದರೆ ಊಟದಲ್ಲೇ ಮುಂದುವರಿಯಬಹುದು. ಬಾರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್, ಅದು ನಿಮ್ಮ ಡಾಕ್ಟರ ನಿರ್ಧಾರ. ಅಲ್ಲಿಂದ ಮುಂದೆ ಸಕ್ಕರೆ ಹತೋಟಿಯಲ್ಲಿದೆಯೇ ಎಂದು ಮೂತ್ರದ ಪಟ್ಟಿಯಿಂದ ನೋಡಬೇಡಿ. ಸೋರುವ ಕಿಡ್ನಿಯ ಮಾತು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡರೆ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯಬಹುದು.

ಊಟದ ಕ್ರಮ ಎಂದರೆ ಉಪವಾಸವಲ್ಲ. ಕುಚ್ಚಲಕ್ಕಿ ಅನ್ನ ಒಂದು ಹೊತ್ತಿಗೆ ಬಟ್ಟಲು ತುಂಬ ಬಡಿಸಿಕೊಳ್ಳುವುದನ್ನು ಎರಡು ಹೊತ್ತಿಗೆ ಹಂಚಿ, ಜೊತೆಗೆ ಬಂಗುಡೆಯೋ ಮೊಟ್ಟೆಯೋ ಹೆಸರುಕಾಳೋ ಇರಲಿ, ಬಸಳೆ ಹರಿವೆ ಧಾರಾಳ ಇರಲಿ. ತಂಬುಳಿ, ಮಜ್ಜಿಗೆಗೆ ಅಡ್ಡಿಯಿಲ್ಲ. ಕಡಿಮೆ ಮಾಡಬೇಕಾದ್ದು ಜೋನಿಬೆಲ್ಲ ಸುರಿದ ದೋಸೆ, ಆಲೆಮನೆಯ ಕಬ್ಬಿನಹಾಲು, ಸಕ್ಕರೆ ಹಾಕಿದ ಮುರುಗಲು ಶರಬತ್ತು. ಮುರುಗಲು ಸಿಪ್ಪೆ ನೆನೆಸಿ ಉಪ್ಪು ಜೀರಿಗೆ ಹಾಕಿಕೊಂಡರೆ ಅದೂ ತಂಪೇ. ಬಯಕೆ ಊಟದ ದಿನ ಹೋಳಿಗೆ ತಿಂದಳೆಂದು ಯಾರೂ ಅವಳನ್ನು ಗದರಬಾರದು. ಒಂದು ತಿಂದು, ಅನ್ನ ಅಷ್ಟು ಕಡಿಮೆ ಬಡಿಸಿಕೊಳ್ಳಲಿ.

ಅದೇ ಕಾಗದದ ಬೇರೆ ಸಾಲುಗಳು

ಎಲ್ಲರ ಕಣ್ಣೂ ಸಕ್ಕರೆಯ ಸಾಲಿಗೇ ಹೋಗುತ್ತದೆ. ಬಸುರಿಯ ಮೂತ್ರದ ರಿಪೋರ್ಟಿನಲ್ಲಿ ನಾನು ಮೊದಲು ನೋಡುವುದು ಪ್ರೋಟೀನು. 20 ವಾರ ದಾಟಿದವರಲ್ಲಿ ಪ್ರೋಟೀನು ಪ್ಲಸ್ ಬಂದು ಬಿ.ಪಿ. 140/90 ಅಥವಾ ಮೇಲಿದ್ದರೆ ಅದು ಗರ್ಭನಂಜಿನ (ಪ್ರಿಎಕ್ಲಾಂಪ್ಸಿಯಾ) ಸೂಚನೆ. ತಲೆನೋವು, ಕಣ್ಣು ಮಂಜು, ಮುಖ ಬಾವು, ಹೊಟ್ಟೆಯ ಮೇಲ್ಭಾಗದ ನೋವು ಸೇರಿದರೆ ರಾತ್ರಿಯಾದರೂ ಹೊರಡಿ, 108ಕ್ಕೆ ಕರೆ ಮಾಡಿ.

ಎರಡನೆಯದು ಸೋಂಕಿನ ಗುರುತುಗಳಾದ ಕೀವಿನ ಕಣಗಳು, ನೈಟ್ರೈಟ್. ಬಸುರಿನಲ್ಲಿ ಮೂತ್ರನಾಳ ಹಿಗ್ಗಿ ಮೂತ್ರ ನಿಧಾನ ಇಳಿಯುತ್ತದೆ, ಅದರಲ್ಲೂ ಬಲಗಡೆ. ಸಕ್ಕರೆಯೂ ಇದ್ದರೆ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಜಾಗ. ಉರಿ ನೋವು ಏನೂ ಇಲ್ಲದೆಯೂ ಸೋಂಕು ಇರಬಹುದು, ಹಾಗೇ ಬಿಟ್ಟರೆ ಕಿಡ್ನಿಗೇ ಏರಬಹುದು. ಮೊದಲ ತಪಾಸಣೆಯಲ್ಲೇ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ ಎಂದು ಕೇಳಿ. ಚಳಿಜ್ವರ, ಪಕ್ಕೆನೋವು ಬಂದರೆ ಕಷಾಯ ಕುಡಿದು ಕಾಯಬೇಡಿ. ಸೆಕೆಗಾಲದಲ್ಲಿ ಬೆವರಿ ಮೂತ್ರ ಗಟ್ಟಿಯಾದರೆ ಪಟ್ಟಿಯ ಬಣ್ಣಗಳೆಲ್ಲ ಗಾಢವಾಗುತ್ತವೆ, ನೀರು ಬೇಕಷ್ಟು ಕುಡಿಯಿರಿ.

ಕೀಟೋನ್ ವಿಷಯ ಆ ಹೆಣ್ಣುಮಗಳ ಕತೆಯಲ್ಲೇ ಹೇಳಿದೆ. ವಾಂತಿ ಹೆಚ್ಚಿ ನೀರೂ ನಿಲ್ಲದಿದ್ದಾಗಲೂ ಅದು ಕಾಣುತ್ತದೆ, ಆಗ ಡ್ರಿಪ್ ಬೇಕಾಗಬಹುದು.

ಹೆರಿಗೆಯಾದ ಮೇಲೆ

ಗರ್ಭಿಣಿಯರ ಮಧುಮೇಹ ಇದ್ದವರಿಗೆ ಹೆರಿಗೆಯಾದ 6 ವಾರಕ್ಕೆ ಮತ್ತೆ ಗ್ಲುಕೋಸ್ ಪರೀಕ್ಷೆ ಇದೆ. ಹೆಚ್ಚು ತಪ್ಪಿಹೋಗುವುದು ಇದೇ, ಯಾಕೆಂದರೆ ಅಷ್ಟು ಹೊತ್ತಿಗೆ ಮನೆಯವರೆಲ್ಲರ ಗಮನ ಮಗುವಿನ ಮೇಲಿರುತ್ತದೆ, ಬಾಣಂತಿ ಅಂಟಿನುಂಡೆ ತಿಂದು ಒಳಗಿರುತ್ತಾಳೆ. ಇವರಲ್ಲಿ ಮುಂದೆ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಹೆಚ್ಚು, ಮುಂದಿನ ಬಸುರಿನಲ್ಲೂ ಮರುಕಳಿಸಬಹುದು. ಮೂತ್ರದ ಪ್ಲಸ್ ಮಾತ್ರ ಇದ್ದು ರಕ್ತ ಸರಿಯಿದ್ದವರಿಗೆ ಇಷ್ಟೆಲ್ಲ ಬೇಡ. ಒಂದೆರಡು ತಿಂಗಳ ನಂತರವೂ ಪ್ಲಸ್ ಉಳಿದಿದ್ದರೆ ಡಾಕ್ಟರಿಗೆ ತೋರಿಸಿ, ಹುಟ್ಟಿನಿಂದಲೇ ಕಿಡ್ನಿ ಸಕ್ಕರೆ ಬಿಡುವ ಕೆಲವು ಮನೆತನಗಳೂ ಇವೆ.

ಮಗುವಿಗೆ ಆರನೇ ವಾರದ ಲಸಿಕೆ ಇದ್ದೇ ಇರುತ್ತದೆ. ಅದೇ ದಿನ ತಾಯಿಯ ಪರೀಕ್ಷೆಯನ್ನೂ ಇಟ್ಟುಕೊಳ್ಳಿ, ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿದರೆ ಅವರು ಹೊಂದಿಸಿಕೊಡುತ್ತಾರೆ. ಈ ಸಲ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗ್ಲುಕೋಸ್ ಕುಡಿದು ಕೂತ ಎರಡು ತಾಸಿನಲ್ಲಿ ಮಗುವಿಗೆ ಹಾಲೂಡಿಸಲು ಅಡ್ಡಿಯಿಲ್ಲ. ತಾಯಿ ಕಾರ್ಡ್, ಹಳೆಯ ರಿಪೋರ್ಟುಗಳು, ಮಗುವಿಗೆ ಎರಡು ಬಟ್ಟೆ, ಮತ್ತೆ ಅವಳಿಗೆಂದೇ ಡಬ್ಬಿಯಲ್ಲಿ ನಾಲ್ಕು ನೀರುದೋಸೆ, ಚಟ್ನಿ ಕಟ್ಟಿಕೊಂಡು ಹೋಗಿ. ಎರಡನೇ ಸಲ ರಕ್ತ ತೆಗೆದ ಕೂಡಲೇ ಅಲ್ಲೇ ಬೆಂಚಿನ ಮೇಲೆ ಕೂರಿಸಿ ತಿನ್ನಿಸಿ.